ಕೇಳಲಿಕ್ಕೂ ಒಂದು ಲೈಸೆನ್ಸು

ಅಪ್ಪ ತೀರಿಕೊಂಡ ವರ್ಷ ಊರಿನ ಮನೆಯ ಟ್ರಂಕು ತೆರೆದಾಗ ಪಹಣಿ, ಸೊಸೈಟಿ ಸಾಲದ ರಶೀದಿ, ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ನಕಲು, ಇವೆಲ್ಲದರ ತಳದಲ್ಲಿ ಅಂಗೈಯಗಲದ ಒಂದು ಪುಸ್ತಕ ಸಿಕ್ಕಿತು. ರಟ್ಟು ಸವೆದು ಬಟ್ಟೆಯಷ್ಟು ಮೆತ್ತಗಾಗಿತ್ತು. ಒಳಗೆ ವರ್ಷ ವರ್ಷಕ್ಕೂ ಅಂಟಿಸಿದ ಸ್ಟಾಂಪು, ಅದರ ಮೇಲೆ ಅಂಚೆ ಕಚೇರಿಯ ದುಂಡನೆಯ ಮೊಹರು. ಅದು ರೇಡಿಯೊ ಲೈಸೆನ್ಸು. 1980ರ ದಶಕದ ನಡುವಿನವರೆಗೂ ಮನೆಯಲ್ಲಿ ರೇಡಿಯೊ ಇಟ್ಟುಕೊಂಡವರು ಅಂಚೆ ಕಚೇರಿಗೆ ಹೋಗಿ ಶುಲ್ಕ ಕಟ್ಟಿ ಈ ಪುಸ್ತಕಕ್ಕೆ ಮೊಹರು ಹಾಕಿಸಿಕೊಂಡು ಬರಬೇಕಿತ್ತು. ಅಪ್ಪ ಒಂದು ವರ್ಷವನ್ನೂ ತಪ್ಪಿಸಿರಲಿಲ್ಲ. ಮಳೆ ಕೈಕೊಟ್ಟ ವರ್ಷದ ಸ್ಟಾಂಪೂ ಅಲ್ಲಿತ್ತು.

ತೊಗಲಿನ ಕವಚ ಹೊದ್ದ ಆ ರೇಡಿಯೊ ನಡುಮನೆಯ ಗೂಡಿನಲ್ಲಿ ಕೂತಿರುತ್ತಿತ್ತು. ಸಂಜೆ ಕೃಷಿರಂಗ ಶುರುವಾದರೆ ಅಪ್ಪ ಕೈಯಲ್ಲಿದ್ದ ಕೆಲಸ ಬಿಟ್ಟು ಬರುತ್ತಿದ್ದರು. ಗೊಬ್ಬರದ ಪ್ರಮಾಣ ಹೇಳುವವರಿಗೆ ಕೂತಲ್ಲಿಂದಲೇ ಉತ್ತರ ಕೊಡುತ್ತಿದ್ದರು: "ನಮ್ ಕಡೆ ಕೆಂಪು ಮಣ್ಣು ಸ್ವಾಮಿ, ಅಷ್ಟು ತಡ್ಕಳಲ್ಲ." ಹೊಲದ ಬಗ್ಗೆ ಅವರಿಗೆ ಗೊತ್ತಿದ್ದದ್ದು ಬಹಳ. ಅದರಲ್ಲಿ ಒಂದು ಮಾತೂ ನಮ್ಮ ನಡುಮನೆ ದಾಟಿ ಹೋಗಲಿಲ್ಲ. ಕೇಳುವುದಕ್ಕೆ ವರ್ಷಕ್ಕೊಂದು ಸ್ಟಾಂಪು ಸಾಕಿತ್ತು. ಹೇಳುವುದಕ್ಕೆ ಬೇಕಾದ ಪುಸ್ತಕ ಯಾವ ಅಂಚೆ ಕಚೇರಿಯಲ್ಲೂ ಸಿಗುತ್ತಿರಲಿಲ್ಲ.

ಆ ಲೈಸೆನ್ಸ್ ಪುಸ್ತಕ ಈಗ ನನ್ನ ಮೇಜಿನ ಖಾನೆಯಲ್ಲಿದೆ. ಹತ್ತು ವರ್ಷಕ್ಕೂ ಮೇಲಾಯಿತು, ನಾನು ದಿನಾ ಪಾಡ್‌ಕಾಸ್ಟ್ ಕೇಳುತ್ತೇನೆ. ಹೆಚ್ಚಿನವು ತಂತ್ರಜ್ಞಾನದ ವ್ಯಾಪಾರ ಕುರಿತವು: ಕಂಪನಿ ಹೇಗೆ ಹುಟ್ಟಿತು, ದುಡ್ಡು ಎಲ್ಲಿಂದ ಬಂತು, ಯಾರು ಯಾರನ್ನು ಕೊಂಡರು, ಪತ್ರಿಕೆಗಳೂ ಬ್ಲಾಗುಗಳೂ ಹೇಗೆ ಬದುಕುತ್ತಿವೆ, ಹೇಗೆ ಮುಚ್ಚುತ್ತಿವೆ. "ನಿನಗೇಕೆ ಅದೆಲ್ಲ" ಎಂದು ಮನೆಯಲ್ಲಿ ಕೇಳಿದವರಿದ್ದಾರೆ. ಅವರಿಗೆ ಕೊಡಬೇಕಾದ ಉತ್ತರ ಉದ್ದವಿದೆ.

ನಾನು ಲೆಕ್ಕ ಬರೆಯುವವಳು. ಬೆಂಗಳೂರಿನ ಪೀಣ್ಯದ ಐದಾರು ಸಣ್ಣ ಕಾರ್ಖಾನೆಗಳ ಪುಸ್ತಕಗಳು ನನ್ನ ಕೈಯಲ್ಲಿವೆ. ಲೇತು, ಮಿಲ್ಲಿಂಗು, ಒಂದು ಪೌಡರ್ ಕೋಟಿಂಗು. 2014ರ ಮಾರ್ಚಿನಲ್ಲಿ ಸಂಪಿಗೆ ರಸ್ತೆಯಿಂದ ಪೀಣ್ಯ ಇಂಡಸ್ಟ್ರಿಗೆ ಮೆಟ್ರೊ ಓಡತೊಡಗಿದ ಮೇಲೆ ನನ್ನ ಬೆಳಗು ಬದಲಾಯಿತು. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಬ್ಯಾಗು ಹಿಡಿದು ಬಸ್ಸಿನಲ್ಲಿ ಜೋಲಿ ಹೊಡೆಯುವಾಗ ಏನನ್ನಾದರೂ ಕೇಳುವ ಮನಸ್ಸು ಎಲ್ಲಿಂದ ಬರಬೇಕು? ಶ್ರೀರಾಂಪುರದಲ್ಲಿ ಹತ್ತಿ ಕೂತರೆ ಮೊದಲ ಸಲ ಕಿವಿ ನನ್ನದಾಗಿ ಉಳಿಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ‘ಸ್ಟಾರ್ಟ್‌ಅಪ್’ ಎಂಬ ಪಾಡ್‌ಕಾಸ್ಟ್ ಹೊರಬಂತು. ಅಕ್ಕನ ಮಗ ಅದನ್ನು ನನ್ನ ಫೋನಿಗೆ ಇಳಿಸಿಕೊಟ್ಟು, "ಚಿಕ್ಕಮ್ಮ, ನಿನ್ನ ಲೆಕ್ಕದ ಕತೆನೇ ಇದು, ಕೇಳು" ಅಂದ.

ಅಲೆಕ್ಸ್ ಬ್ಲೂಮ್‌ಬರ್ಗ್ ಅಮೆರಿಕದ ಸಾರ್ವಜನಿಕ ರೇಡಿಯೊದಲ್ಲಿ ಹೆಸರು ಮಾಡಿದ್ದವರು. ‘ಪ್ಲಾನೆಟ್ ಮನಿ’ ಎಂಬ ಅರ್ಥಶಾಸ್ತ್ರದ ಕಾರ್ಯಕ್ರಮವನ್ನು ಕಟ್ಟಿದವರಲ್ಲಿ ಒಬ್ಬರು. ಅಲ್ಲಿನ ಕೆಲಸ ಬಿಟ್ಟು, ಪಾಡ್‌ಕಾಸ್ಟುಗಳನ್ನೇ ತಯಾರಿಸುವ ಒಂದು ಕಂಪನಿ ಮಾಡಬೇಕೆಂದು ಹೊರಟರು. ಹೊರಟವರು ಆ ಕಂಪನಿ ಕಟ್ಟುವ ಪ್ರತಿ ಹೆಜ್ಜೆಯನ್ನೂ ಧ್ವನಿಮುದ್ರಿಸಿಕೊಂಡು, ಅದನ್ನೇ ಮೊದಲ ಪಾಡ್‌ಕಾಸ್ಟಾಗಿ ಜನರ ಮುಂದಿಟ್ಟರು. ಮೊದಲ ಕಂತಿನಲ್ಲಿ ಅವರು ಕ್ರಿಸ್ ಸಾಕಾ ಎಂಬ ದೊಡ್ಡ ಹೂಡಿಕೆದಾರರ ಹತ್ತಿರ ದುಡ್ಡು ಕೇಳಲು ಹೋಗುತ್ತಾರೆ. ಟ್ವಿಟರ್, ಊಬರ್ ಸಣ್ಣವಿದ್ದಾಗಲೇ ಅವುಗಳಲ್ಲಿ ಹಣ ಹಾಕಿದ ಮನುಷ್ಯ ಸಾಕಾ. ವರ್ಷಗಟ್ಟಲೆ ಮೈಕಿನ ಮುಂದೆ ನಿರರ್ಗಳ ಮಾತಾಡಿದ ಬ್ಲೂಮ್‌ಬರ್ಗ್ ಅಲ್ಲಿ ತಡವರಿಸುತ್ತಾರೆ. ವಾಕ್ಯ ಶುರುವಾಗುತ್ತದೆ, ನಡುವೆ ಮುರಿಯುತ್ತದೆ, ಇನ್ನೊಂದು ಶುರುವಾಗುತ್ತದೆ. ಕೊನೆಗೆ ಸಾಕಾ ತಾನೇ ಬ್ಲೂಮ್‌ಬರ್ಗ್ ಆಗಿ, ಎರಡು ನಿಮಿಷದಲ್ಲಿ ಆ ಕಂಪನಿಯ ಪರವಾಗಿ ಹೇಗೆ ಮಾತಾಡಬೇಕೆಂದು ಹೇಳಿ ತೋರಿಸುತ್ತಾರೆ.

ಆ ತಡವರಿಕೆ ನನಗೆ ಚೆನ್ನಾಗಿ ಗೊತ್ತು. ಓವರ್‌ಡ್ರಾಫ್ಟ್ ಮಿತಿ ಹೆಚ್ಚಿಸಿಕೊಡಿ ಎಂದು ಬ್ಯಾಂಕಿನ ಮೇಜಿನೆದುರು ಕೂತಾಗ ನಮ್ಮ ಕಾರ್ಖಾನೆಗಳ ಯಜಮಾನರ ಗಂಟಲು ಹೀಗೇ ಒಣಗುತ್ತದೆ. ಸಾವಿರದ ಒಂದು ಭಾಗದ ಅಳತೆಯಲ್ಲಿ ಉಕ್ಕು ಕೆತ್ತುವವರು ತಮ್ಮ ಕೆಲಸದ ಬಗ್ಗೆ ನಾಲ್ಕು ಮಾತು ಹೇಳಲಾರದೆ ನನ್ನ ಮುಖ ನೋಡುತ್ತಾರೆ. ಆ ಗಳಿಗೆ ಪತ್ರಿಕೆಯ ವಾಣಿಜ್ಯ ಪುಟದಲ್ಲಿ ಎಂದೂ ಬಂದದ್ದಿಲ್ಲ. ಅಲ್ಲಿ ಬರುವುದು ಹಣ ಸಿಕ್ಕ ಮೇಲಿನ ಸುದ್ದಿ, ಕೈಕುಲುಕುವ ಫೋಟೊ. ದನಿಯಲ್ಲಿ ಮಾತ್ರ ಆ ಒಣಗಿದ ಗಂಟಲು ಹಾಗೆಯೇ ಉಳಿದಿತ್ತು. ಅಂದು ಪೀಣ್ಯದಲ್ಲಿ ಇಳಿದ ಮೇಲೂ ನಾನು ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಕೂತು ಕಂತು ಮುಗಿಸಿಕೊಂಡೇ ಹೊರಗೆ ಹೋದೆ.

ಮುಂದಿನ ಕಂತುಗಳಲ್ಲಿ ಪಾಲುದಾರ ಮ್ಯಾಟ್ ಲೀಬರ್ ಬರುತ್ತಾರೆ. ಯಾರಿಗೆ ಎಷ್ಟು ಪಾಲು ಎಂದು ಇಬ್ಬರೂ ಕೂತು ಆಡಿದ ಇರುಸುಮುರುಸಿನ ಮಾತನ್ನೂ ಅವರು ತೆಗೆದುಹಾಕಿಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ನಾಟಿದ್ದು ಇನ್ನೊಂದು ಕಂತು. ಒಂದು ಜಾಹೀರಾತಿಗಾಗಿ ಅವರು ಒಬ್ಬ ಹುಡುಗನನ್ನು ಮಾತಾಡಿಸಿದ್ದರು. ಅದು ಜಾಹೀರಾತು ಎಂಬುದು ಅವನ ತಾಯಿಗೆ ಸರಿಯಾಗಿ ತಿಳಿದಿರಲಿಲ್ಲ. ಬೇರೊಂದು ರೇಡಿಯೊ ಕಾರ್ಯಕ್ರಮಕ್ಕೆ ಎಂದುಕೊಂಡಿದ್ದರು. ಜಾಹೀರಾತಿನಲ್ಲಿ ಮಗನ ದನಿ ಬಂದಾಗ ತಾಯಿ ಬಹಿರಂಗವಾಗಿ ಆಕ್ಷೇಪಿಸಿದರು. ಕಂಪನಿ ಆ ತಪ್ಪಿನ ಮೇಲೆಯೇ ಒಂದು ಕಂತು ಮಾಡಿತು: ಎಲ್ಲಿ ಎಡವಿದೆವು, ಯಾರು ಯಾರಿಗೆ ಏನು ಹೇಳಲಿಲ್ಲ, ಎಲ್ಲ. ಲೆಕ್ಕದ ಪುಸ್ತಕದಲ್ಲಿ ತಪ್ಪು ನಮೂದನ್ನು ಉಜ್ಜಿ ಅಳಿಸುವಂತಿಲ್ಲ. ಹಳೆಯದು ಇದ್ದ ಹಾಗೆ ಇರಬೇಕು, ಅದನ್ನು ಸರಿಪಡಿಸುವ ನಮೂದು ಬೇರೆಯಾಗಿ ಬರಬೇಕು, ಎರಡೂ ನೋಡುವವರ ಕಣ್ಣಿಗೆ ಕಾಣಬೇಕು. ನನಗೆ ಕೆಲಸ ಕಲಿಸಿದ ಹಿರಿಯರು ಮೊದಲ ದಿನ ಹೇಳಿದ ಮಾತಿದು. ಅದನ್ನು ಬಾಯಿಮಾತಿನಲ್ಲಿ ಮಾಡಿದವರನ್ನು ನಾನು ಅಂದೇ ಮೊದಲು ಕೇಳಿದ್ದು.

ಪಾಡ್‌ಕಾಸ್ಟಿನ ಈ ದಾರಿ ಹೇಗಾಯಿತೆಂದು ಆಮೇಲೆ ಹುಡುಕಿ ಓದಿದೆ. 2000ದ ಹೊತ್ತಿಗೆ ಅಮೆರಿಕದ ಮನೆಗಳಲ್ಲೂ ಇಂಟರ್ನೆಟ್ ನಿಧಾನ. ಒಂದು ವಿಡಿಯೊ ಒತ್ತಿದರೆ ಕಾಯಬೇಕು, ಕಾದ ಮೇಲೆ ಬಂದದ್ದೂ ಅಷ್ಟು ಚೆನ್ನಾಗಿರುತ್ತಿರಲಿಲ್ಲ. ಎಂಟಿವಿಯಲ್ಲಿ ನಿರೂಪಕರಾಗಿದ್ದ ಆ್ಯಡಂ ಕರಿ ಅವರಿಗೆ ಒಂದು ಯೋಚನೆ ಬಂತು. ಕಾಯುವ ಕೆಲಸವನ್ನು ಮನುಷ್ಯ ಏಕೆ ಮಾಡಬೇಕು? ನಾವು ಮಲಗಿರುವಾಗ ಕಂಪ್ಯೂಟರ್ ತನ್ನ ಪಾಡಿಗೆ ಇಳಿಸಿಕೊಳ್ಳುತ್ತಿರಲಿ, ಪೂರ್ತಿ ಬಂದ ಮೇಲೆ ತಿಳಿಸಲಿ. ರಾತ್ರಿ ಹೆಪ್ಪು ಹಾಕಿಟ್ಟರೆ ಬೆಳಗ್ಗೆ ಮೊಸರು ಸಿದ್ಧವಿರುತ್ತದಲ್ಲ, ಹಾಗೆ. ಈ ಯೋಚನೆ ಹೊತ್ತು ಅವರು ನ್ಯೂಯಾರ್ಕಿನಲ್ಲಿ ಡೇವ್ ವೈನರ್ ಅವರನ್ನು ಕಂಡರು. ವೈನರ್ ಬ್ಲಾಗ್ ಬರೆಯುವವರಲ್ಲಿ ಮೊದಮೊದಲಿಗರು, ಆರ್‌ಎಸ್‌ಎಸ್ ಫೀಡ್ ಎಂಬ ಏರ್ಪಾಟನ್ನು ಬೆಳೆಸಿದವರು. ಫೀಡ್ ಎಂದರೆ ಒಂದು ಸಾದಾ ಪಠ್ಯದ ಕಡತ. ಹೊಸದಾಗಿ ಏನು ಬಂದಿದೆ, ಎಲ್ಲಿದೆ ಎಂದು ಅದರಲ್ಲಿ ಸಾಲಾಗಿ ಬರೆದಿರುತ್ತದೆ. ಓದುವವರ ಕಂಪ್ಯೂಟರ್ ಆಗಾಗ ಬಂದು ಅದನ್ನು ನೋಡಿಕೊಂಡು ಹೋಗುತ್ತದೆ. ವೈನರ್ ಆ ಕಡತಕ್ಕೆ ಒಂದು ಸಾಲು ಸೇರಿಸಿದರು. ಎನ್‌ಕ್ಲೋಷರ್ ಎಂದು ಅದರ ಹೆಸರು. ಸರ್ಕಾರಿ ಕಾಗದದ ಕೊನೆಗೆ ‘ಲಗತ್ತು: 1’ ಎಂದು ಬರೆದಿರುತ್ತಾರಲ್ಲ, ಅದೇ. ಈ ಬರಹದ ಜತೆ ಒಂದು ಧ್ವನಿಯ ಕಡತವಿದೆ, ಇಲ್ಲಿಂದ ತೆಗೆದುಕೊಳ್ಳಿ, ಇಷ್ಟು ದೊಡ್ಡದಿದೆ, ಈ ಬಗೆಯದು. 2001ರ ಜನವರಿಯಲ್ಲಿ ತಮ್ಮದೇ ಬ್ಲಾಗಿನ ಫೀಡಿಗೆ ಒಂದು ಹಾಡು ಲಗತ್ತಿಸಿ ಅವರು ಇದನ್ನು ತೋರಿಸಿಕೊಟ್ಟರು. ಐಪಾಡ್ ಮಾರುಕಟ್ಟೆಗೆ ಬಂದದ್ದು ಅದೇ ವರ್ಷದ ಕೊನೆಗೆ. ಪಾಡ್‌ಕಾಸ್ಟಿಗೆ ಹೆಸರು ಕೊಟ್ಟ ಯಂತ್ರಕ್ಕಿಂತ ಹೆಸರು ಪಡೆದದ್ದೇ ಹಿರಿಯದು.

ಆ ದಾರಿಯಲ್ಲಿ ಮೊದಲು ನಡೆದ ಮಾತು ಯಾವುದರ ಬಗ್ಗೆ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ಬಾಸ್ಟನ್ನಿನ ರೇಡಿಯೊ ನಿಲಯವೊಂದರಲ್ಲಿ ಜನಪ್ರಿಯ ಕಾರ್ಯಕ್ರಮ ನಡೆಸುತ್ತಿದ್ದ ಕ್ರಿಸ್ಟೋಫರ್ ಲೈಡನ್, ಆ ಕಾರ್ಯಕ್ರಮದ ಒಡೆತನದ ವಿಚಾರದಲ್ಲಿ ನಿಲಯದೊಡನೆ ಹೊಂದದೆ 2001ರಲ್ಲಿ ಹೊರಬಂದಿದ್ದರು. 2003ರ ಬೇಸಗೆಯಲ್ಲಿ ಹಾರ್ವರ್ಡಿನ ಬರ್ಕ್‌ಮನ್ ಕೇಂದ್ರದಲ್ಲಿ ವೈನರ್ ಜತೆ ಸೇರಿ ಅವರು ಸಂದರ್ಶನಗಳ ಒಂದು ಸರಣಿ ಮಾಡಿದರು. ಮಾತಾಡಿದ್ದು ಬ್ಲಾಗ್ ಬರೆಯುವವರ ಜತೆ, ಬ್ಲಾಗುಗಳ ಬಗ್ಗೆ. ರೇಡಿಯೊ ಕಳೆದುಕೊಂಡ ಮನುಷ್ಯ, ಅಚ್ಚಿನ ಅಪ್ಪಣೆಗೆ ಕಾಯದೆ ಬರೆಯಹೊರಟವರನ್ನು ಕೂರಿಸಿಕೊಂಡು, ಪ್ರಸಾರದ ಅಪ್ಪಣೆಗೆ ಕಾಯದ ದಾರಿಯಲ್ಲಿ ಮಾತಾಡಿಸಿದರು. ಮರುವರ್ಷ ಫೆಬ್ರವರಿಯಲ್ಲಿ ಬ್ರಿಟನ್ನಿನ ‘ಗಾರ್ಡಿಯನ್’ ಪತ್ರಿಕೆಯಲ್ಲಿ ಬೆನ್ ಹ್ಯಾಮರ್ಸ್ಲಿ ಈ ಹೊಸ ಬಗೆಗೆ ಏನು ಹೆಸರಿಡೋಣ ಎಂದು ಎರಡು ಮೂರು ಪದ ಮುಂದಿಟ್ಟರು. ಅದರಲ್ಲಿ ಪಾಡ್‌ಕಾಸ್ಟಿಂಗ್ ಎಂಬುದು ನಿಂತಿತು. ಆಗಸ್ಟಿನಲ್ಲಿ ಆ್ಯಡಂ ಕರಿ ತಮ್ಮದೇ ದಿನಚರಿಯಂಥ ಕಾರ್ಯಕ್ರಮ ಶುರುಮಾಡಿದರು. 2005ರ ಜೂನಿನಲ್ಲಿ ಆ್ಯಪಲ್ ಕಂಪನಿ ತನ್ನ ಐಟ್ಯೂನ್ಸಿನಲ್ಲಿ ಪಾಡ್‌ಕಾಸ್ಟುಗಳಿಗೆ ಜಾಗ ಕೊಟ್ಟಾಗ ಎರಡೇ ದಿನದಲ್ಲಿ ಚಂದಾ 10 ಲಕ್ಷ ದಾಟಿತು.

ಲೈಡನ್ ಕತೆ ಓದುವಾಗ ನನಗೆ ಮೈಸೂರು ನೆನಪಾಯಿತು. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ‘ವಿಠ್ಠಲ ವಿಹಾರ’ ಎಂಬ ತಮ್ಮ ಮನೆಯಲ್ಲೇ ಒಂದು ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಪ್ರಸಾರ ಶುರುಮಾಡಿದರು. ಕೆಲವು ವರ್ಷ ತಾವೇ ನಡೆಸಿದರು. 1940ರ ದಶಕದ ಮೊದಲಿಗೆ ಅದು ಸಂಸ್ಥಾನದ ಕೈಗೆ ಹೋಯಿತು. ‘ಆಕಾಶವಾಣಿ’ ಎಂಬ ಹೆಸರು ಹುಟ್ಟಿದ್ದು ಆ ಮನೆಯ ನಿಲಯಕ್ಕೆ. ಮುಂದೆ ಇಡೀ ದೇಶದ ರೇಡಿಯೊ ಅದನ್ನು ತನ್ನದಾಗಿಸಿಕೊಂಡಿತು. ನಾನು ಪದವಿ ಓದಿದ್ದು ಮೈಸೂರಿನಲ್ಲೇ. ಆಕಾಶವಾಣಿಯ ಮುಂದೆ ದಿನಾ ಓಡಾಡಿದ್ದೇನೆ. ಒಬ್ಬ ಮೇಷ್ಟರು ತನ್ನ ಮನೆಯ ಕೋಣೆಯಲ್ಲಿ ಇದನ್ನು ಶುರುಮಾಡಿದ್ದೆಂದು ಆಗ ನನಗೆ ಯಾರೂ ಹೇಳಿರಲಿಲ್ಲ. ಅಪ್ಪ ವರ್ಷ ವರ್ಷ ಸ್ಟಾಂಪು ಕಟ್ಟಿ ಕೇಳುತ್ತಿದ್ದ ದನಿಯ ಮೂಲ ಒಂದು ಮನೆ ಎಂಬುದು ಅಪ್ಪನಿಗೂ ಗೊತ್ತಿದ್ದಿರಲಾರದು. ಗೊತ್ತಿದ್ದರೆ ಗೂಡಿನ ಮುಂದೆ ಕೂತು ಕೊಡುತ್ತಿದ್ದ ಉತ್ತರಗಳನ್ನು ಒಂದು ಕಾಗದಕ್ಕಾದರೂ ಬರೆಸಿ ಕಳಿಸುತ್ತಿದ್ದರೇನೊ.

ಇನ್ನು ದುಡ್ಡಿನ ಮಾತು. ವ್ಯಾಪಾರದ ಬಗ್ಗೆ ಮಾತಾಡುವ ಪಾಡ್‌ಕಾಸ್ಟುಗಳು ತಾವೇ ವ್ಯಾಪಾರವಾದ ಬಗೆಯನ್ನು ನಾನು ಲೆಕ್ಕದವಳ ಕಣ್ಣಿನಿಂದಲೇ ನೋಡುತ್ತೇನೆ. ಜಾಹೀರಾತಿಗೆ ದರ ಕಟ್ಟುವುದು ಸಾವಿರ ಡೌನ್‌ಲೋಡಿಗೆ ಇಷ್ಟು ಎಂದು. ಡೌನ್‌ಲೋಡ್ ಆದದ್ದೆಲ್ಲ ಕೇಳಿದ್ದಲ್ಲ. ಡೀಲರ್ ಗೋದಾಮಿಗೆ ಮಾಲು ಕಳಿಸಿ ಅದನ್ನು ಮಾರಾಟ ಎಂದು ಬರೆದ ಹಾಗೆ. 2023ರಲ್ಲಿ ಆ್ಯಪಲ್ ಐಫೋನಿನ ತಂತ್ರಾಂಶ ಬದಲಿಸಿ, ಕೇಳದೆ ಬಿಟ್ಟವರ ಫೋನಿಗೆ ಹಳೆಯ ಕಂತುಗಳು ತಾವಾಗಿ ಇಳಿಯುವುದನ್ನು ಕಡಿಮೆ ಮಾಡಿದಾಗ ಎಷ್ಟೋ ಕಾರ್ಯಕ್ರಮಗಳ ಎಣಿಕೆ ಒಮ್ಮೆಲೇ ಇಳಿಯಿತು. ಕೇಳುಗರು ಎಲ್ಲಿಗೂ ಹೋಗಿರಲಿಲ್ಲ, ಗೋದಾಮಿನ ಮಾಲು ಮಾತ್ರ ಲೆಕ್ಕದಿಂದ ಹೊರಬಿತ್ತು. ಈ ಎಣಿಕೆಯನ್ನು ನಂಬಲಾಗದ್ದಕ್ಕೇ ಜಾಹೀರಾತಿನವರು ಬಹಳ ಹಿಂದೆಯೇ ಕೂಪನ್ ಕೋಡ್ ಹುಡುಕಿಕೊಂಡದ್ದು. ನಡೆಸುವವರು ತಮ್ಮ ಬಾಯಲ್ಲೇ ಸರಕಿನ ಹೆಸರು ಹೇಳಿ, ಈ ಪದ ಹಾಕಿದರೆ ಇಷ್ಟು ರಿಯಾಯಿತಿ ಎನ್ನುತ್ತಾರೆ. ಯಾರು ಕೇಳಿ ಕೊಂಡರು ಎಂಬುದು ಆ ಪದದಿಂದ ತಿಳಿಯುತ್ತದೆ. ನಂಬಿಕೆಗೆ ರಶೀದಿ ಹರಿಯುವ ಇದಕ್ಕಿಂತ ನೇರವಾದ ಬಗೆ ನನಗೆ ಗೊತ್ತಿಲ್ಲ.

ಬ್ಲೂಮ್‌ಬರ್ಗ್ ಕಟ್ಟಿದ ಕಂಪನಿಗೆ ಗಿಮ್ಲೆಟ್ ಎಂದು ಹೆಸರಾಯಿತು. ಮೊದಲ ಸುತ್ತಿನಲ್ಲಿ 15 ಲಕ್ಷ ಡಾಲರ್ ಬಂಡವಾಳ ಕೂಡಿತು, ಅದರಲ್ಲಿ ಒಂದು ಪಾಲು ಕೇಳುಗರೇ ಹಾಕಿದ್ದು. 2019ರ ಫೆಬ್ರವರಿಯಲ್ಲಿ ಅದನ್ನು ಸ್ಪಾಟಿಫೈ ಕೊಂಡಿತು. ಬೆಲೆ ಸುಮಾರು 23 ಕೋಟಿ ಡಾಲರ್ ಎಂದು ವರದಿಯಾಯಿತು. ಸಾಕಾ ಎದುರು ಮಾತು ಹೊರಡದಿದ್ದ ಮನುಷ್ಯ ಐದು ವರ್ಷದೊಳಗೆ ಈ ಬೆಲೆ ಕಟ್ಟಿಸಿಕೊಂಡದ್ದು ನನಗೆ ಸಂತೋಷವೇ. ನೋವಾದದ್ದು ಆಮೇಲೆ. ಗಿಮ್ಲೆಟ್‌ನ ಕೆಲವು ಒಳ್ಳೆಯ ಕಾರ್ಯಕ್ರಮಗಳು ಸ್ಪಾಟಿಫೈಯಲ್ಲಿ ಮಾತ್ರ ಎಂದಾದವು. ಬೇರೆ ಆ್ಯಪಿನವರಿಗೆ ಹೊಸ ಕಂತು ಬರುವುದು ನಿಂತಿತು. ಆ ಸಾದಾ ಕಡತವನ್ನು, ಆ ಲಗತ್ತಿನ ಸಾಲನ್ನು ಮುಚ್ಚಿದ ಮೇಲೆ ಅದನ್ನು ಪಾಡ್‌ಕಾಸ್ಟ್ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಅದು ಒಂದು ಕಂಪನಿಯ ಕಾರ್ಯಕ್ರಮ, ಕೇಳಲು ಅದರ ಬಾಗಿಲಿಗೆ ಹೋಗಬೇಕು. ನನ್ನ ಖಾನೆಯಲ್ಲಿರುವ ಸ್ಟಾಂಪಿನ ಪುಸ್ತಕಕ್ಕೂ ಇದಕ್ಕೂ ಏನು ಹೆಚ್ಚುಕಡಿಮೆ? 2023ರ ಜೂನಿನಲ್ಲಿ ಸ್ಪಾಟಿಫೈ ಗಿಮ್ಲೆಟನ್ನು ಇನ್ನೊಂದು ಸ್ಟುಡಿಯೊ ಜತೆ ಬೆರೆಸಿತು, ಪಾಡ್‌ಕಾಸ್ಟ್ ವಿಭಾಗದ ಸುಮಾರು 200 ಜನರ ಕೆಲಸ ಹೋಯಿತು. ಬೀಗ ಹಾಕಿದ್ದ ಕಾರ್ಯಕ್ರಮಗಳಲ್ಲಿ ಕೆಲವನ್ನು ಮತ್ತೆ ಎಲ್ಲರಿಗೂ ತೆರೆದರು.

ಬೇರೆ ದಾರಿ ಹಿಡಿದವರೂ ಇದ್ದಾರೆ. ಬೆನ್ ಥಾಂಪ್ಸನ್ 2013ರಲ್ಲಿ ತಂತ್ರಜ್ಞಾನ ಕಂಪನಿಗಳ ವ್ಯವಹಾರದ ಮೇಲೆ ‘ಸ್ಟ್ರಾಟೆಕೆರಿ’ ಬರೆಯತೊಡಗಿದರು. ಅದು ನಡೆಯುವುದು ಓದುವವರು ಕಟ್ಟುವ ಚಂದಾದಿಂದ. ಪಾಡ್‌ಕಾಸ್ಟ್ ಸೇರಿಸಿದಾಗಲೂ ಅವರು ಬಾಗಿಲು ಮುಚ್ಚಲಿಲ್ಲ: ಒಬ್ಬೊಬ್ಬ ಚಂದಾದಾರನಿಗೂ ಅವನದೇ ಒಂದು ಫೀಡ್ ವಿಳಾಸ, ಬೇಕಾದ ಆ್ಯಪಿನಲ್ಲಿ ಹಾಕಿಕೊಂಡು ಕೇಳಬಹುದು. ದುಡ್ಡು ಪಡೆಯುವುದಕ್ಕೆ ದಾರಿಗೆ ಅಡ್ಡ ಬೇಲಿ ಹಾಕಲೇಬೇಕು ಎಂಬ ವಾದ ಅಲ್ಲಿಗೆ ಬಿತ್ತು. ಇನ್ನೊಬ್ಬರು ಲಿಯೊ ಲಾಪೋರ್ಟ್. 2005ರಿಂದ ವಾರವಾರ ತಂತ್ರಜ್ಞಾನದ ಸುದ್ದಿಯ ಮೇಲೆ ಗೆಳೆಯರನ್ನು ಕೂಡಿಸಿ ಮಾತಾಡುತ್ತ ಬಂದವರು. ಕ್ಯಾಲಿಫೋರ್ನಿಯಾದ ಪೆಟಲೂಮದಲ್ಲಿ ಸ್ಟುಡಿಯೊ ಇಟ್ಟುಕೊಂಡಿದ್ದರು, 2024ರಲ್ಲಿ ಅದನ್ನು ಮುಚ್ಚಿ ಮನೆಯಿಂದಲೇ ನಡೆಸತೊಡಗಿದರು. ಸ್ಟುಡಿಯೊ ಹೋದರೂ ವಾರದ ಮಾತು ನಿಲ್ಲಲಿಲ್ಲ, ಕೇಳುವವರ ಫೋನಿನಲ್ಲಿ ಏನೂ ಬದಲಾಗಲಿಲ್ಲ.

ಬದಲಾಗದಿರುವುದು ಎಷ್ಟು ದೊಡ್ಡ ಮಾತು ಎಂದು ನನಗೆ ತಿಳಿದದ್ದು ನಾನು ವರ್ಷಗಟ್ಟಲೆ ಬಳಸುತ್ತಿದ್ದ ಆ್ಯಪ್ ನಿಂತುಹೋದಾಗ. ನೋಟಿಸು ಬಂದ ದಿನ ಎದೆ ಧಸಕ್ ಎಂದಿತು. ನಲವತ್ತೆರಡು ಕಾರ್ಯಕ್ರಮಗಳ ಚಂದಾ ಅದರಲ್ಲಿತ್ತು. ಅಕ್ಕನ ಮಗ ಬಂದು ಒಂದು ಗುಂಡಿ ಒತ್ತಿ, ಆ ನಲವತ್ತೆರಡು ವಿಳಾಸಗಳನ್ನೂ ಒಂದೇ ಸಣ್ಣ ಕಡತವಾಗಿ ಹೊರತೆಗೆದ. ಇನ್ನೊಂದು ಆ್ಯಪಿಗೆ ಅದನ್ನು ಕೊಟ್ಟ. ಐದು ನಿಮಿಷವೂ ಆಗಲಿಲ್ಲ, ಎಲ್ಲವೂ ಹಳೆಯ ಸಾಲಿನಲ್ಲೇ ಬಂದು ಕೂತವು. ಬ್ಯಾಂಕ್ ಖಾತೆಯನ್ನು ಒಂದು ಶಾಖೆಯಿಂದ ಇನ್ನೊಂದಕ್ಕೆ ವರ್ಗಾಯಿಸಲು ನಾನು ಅಲೆದಾಡಿದ ದಿನಗಳನ್ನು ಎಣಿಸಿಕೊಂಡೆ. ಇಪ್ಪತ್ತು ವರ್ಷದ ಹಿಂದೆ ಯಾರೋ ಒಬ್ಬಿಬ್ಬರು, ಈ ಕಡತ ಯಾರ ಸ್ವತ್ತೂ ಆಗಬಾರದು ಎಂದು ಹಾಗೆ ಬರೆದಿಟ್ಟಿದ್ದಕ್ಕೆ ಶ್ರೀರಾಂಪುರದ ನನ್ನ ಮನೆಯಲ್ಲಿ ಏನೂ ಕಳೆದುಹೋಗಲಿಲ್ಲ. ಅಂದು ರಾತ್ರಿ ಅವನಿಗೆ ಶ್ಯಾವಿಗೆ ಪಾಯಸ ಮಾಡಿ ಬಡಿಸಿದೆ.

ಈಚಿನ ವರ್ಷಗಳಲ್ಲಿ ನಾನು ಹೆಚ್ಚು ಕೇಳಿದ್ದು ‘ಅಕ್ವೈರ್ಡ್’. ಬೆನ್ ಗಿಲ್ಬರ್ಟ್, ಡೇವಿಡ್ ರೋಸೆಂತಾಲ್ ಎಂಬ ಇಬ್ಬರು 2015ರಲ್ಲಿ ಶುರುಮಾಡಿದ್ದು. ಒಂದು ಕಂಪನಿಯ ಕತೆಗೆ ಒಂದು ಕಂತು, ಒಂದು ಕಂತಿಗೆ ಮೂರು ನಾಲ್ಕು ಗಂಟೆ. ಹರಿಕತೆಯವರು ಒಂದು ಪ್ರಸಂಗವನ್ನು ಹೇಗೆ ಅವಸರವಿಲ್ಲದೆ ಬಿಡಿಸಿಕೊಂಡು ಹೋಗುತ್ತಾರೋ ಹಾಗೆ. ಪೀಣ್ಯಕ್ಕೆ ಹೋಗಿ ಬರುವಷ್ಟರಲ್ಲಿ ಒಂದು ಕಂತು ಮುಗಿಯದು, ವಾರ ಹಿಡಿಯುತ್ತದೆ. 2025ರ ಜನವರಿಯಲ್ಲಿ ಅವರು ತೈಪೆಗೆ ಹೋಗಿ ಟಿಎಸ್‌ಎಂಸಿ ಎಂಬ ಚಿಪ್ ಕಂಪನಿಯ ಸ್ಥಾಪಕ ಮೋರಿಸ್ ಚಾಂಗ್ ಅವರನ್ನು ಮಾತಾಡಿಸಿದ್ದು ಹೊರಬಂತು. ಚಾಂಗ್ ಅವರಿಗೆ ಆಗ 93 ವರ್ಷ. ನಿಧಾನ ಮಾತಾಡುತ್ತಾರೆ, ಯೋಚಿಸಲು ನಿಲ್ಲುತ್ತಾರೆ, ಪ್ರಶ್ನೆ ಕೇಳುವವರು ನಡುವೆ ಬಾಯಿ ಹಾಕದೆ ಕಾಯುತ್ತಾರೆ. ಆ ಕಾಯುವಿಕೆಗೆ ಟಿವಿಯಲ್ಲಿ ಸಮಯವಿಲ್ಲ.

ಆ ವಾರ ಒಂದು ಮಧ್ಯಾಹ್ನ ಲೇತು ಕಾರ್ಖಾನೆಯಲ್ಲಿ ಚಲನ್‌ಗಳಿಗೆ ಯಜಮಾನರ ಸಹಿಗಾಗಿ ಕಾಯುತ್ತಿದ್ದೆ, ಕಿವಿಯಲ್ಲಿ ಚಾಂಗ್. ಯಜಮಾನರು ಕೈ ಒರೆಸಿಕೊಂಡು ಬಂದು, "ಯಾವಾಗ್ಲೂ ಏನೋ ಕೇಳ್ತಿರ್ತೀರ, ಏನದು ಮೇಡಂ?" ಅಂದರು. ಅವರು ಕುಣಿಗಲ್ ಕಡೆಯವರು. ಐಟಿಐ ಮುಗಿಸಿ ಬಂದು, ಹತ್ತು ವರ್ಷ ಬೇರೆಯವರ ಲೇತಿನ ಮುಂದೆ ನಿಂತು, ಆಮೇಲೆ ತಮ್ಮದೊಂದು ಹಾಕಿಕೊಂಡವರು.

"ತೈವಾನಲ್ಲಿ ಒಂದು ಕಂಪನಿ ಇದೆ ಸರ್. ನಮ್ಮ ಫೋನೊಳಗಿನ ಚಿಪ್ ಮಾಡೋದು ಅವರೇ. ಆದ್ರೆ ಅವರ ಹೆಸರಲ್ಲಿ ಒಂದು ಚಿಪ್ಪೂ ಅಂಗಡಿಗೆ ಬರಲ್ಲ. ಡಿಸೈನ್ ಬೇರೆಯವರು ಕೊಡ್ತಾರೆ, ಇವರು ಮಾಡಿಕೊಡ್ತಾರೆ."

"ಅಂದ್ರೆ ಜಾಬ್ ವರ್ಕು."

ನಾನು ಪೆನ್ನು ಕೆಳಗಿಟ್ಟೆ. ಅವರು ಕುರ್ಚಿ ಎಳೆದುಕೊಂಡರು. "ಮೆಟೀರಿಯಲ್ ಯಾರದು?" ಅವರದೇ ಸರ್ ಅಂದೆ. "ಹಂಗಾದ್ರೆ ಪೂರ್ತಿ ಜಾಬ್ ವರ್ಕ್ ಅಲ್ಲ, ವಿತ್ ಮೆಟೀರಿಯಲ್ಲು." ಜಿಎಸ್‌ಟಿ ಕಾನೂನು ಹೇಳುವುದೂ ಅದನ್ನೇ. ಬೇರೆಯವರ ಮಾಲಿನ ಮೇಲೆ ಮಾಡಿಕೊಟ್ಟ ಕೆಲಸಕ್ಕೆ ಮಾತ್ರ ಜಾಬ್ ವರ್ಕ್ ಎಂಬ ಹೆಸರು. ಆಮೇಲೆ ಅವರು ತಾವಾಗಿ ಕೇಳಿದರು: "ಪಾರ್ಟಿಗಳು ಒಬ್ರೇನಾ, ತುಂಬಾ ಜನಾನಾ?"

ತುಂಬಾ ಜನ, ಒಬ್ಬರಿಗೊಬ್ಬರು ಎದುರಾಳಿಗಳು, ಎನ್‌ವಿಡಿಯಾದವರೂ ಅಲ್ಲೇ ಮಾಡಿಸುತ್ತಾರೆ, ಅವರ ಪೈಪೋಟಿಯ ಎಎಂಡಿಯವರೂ ಅಲ್ಲೇ ಎಂದೆ.

"ಬರ್ತಾರೆ. ಯಾಕ್ ಬರ್ತಾರೆ ಹೇಳಿ? ಒಬ್ರ ಡ್ರಾಯಿಂಗ್ ಇನ್ನೊಬ್ರ ಕಣ್ಣಿಗೆ ಬೀಳಲ್ಲ. ಇನ್ನೊಂದು, ಇವನು ನಾಳೆ ತಂದೇ ಐಟಂ ಮಾಡಿ ಮಾರಕ್ ಹೋಗಲ್ಲ ಅಂತ ಅವ್ರಿಗೆ ನಂಬ್ಕೆ. ನಂಗೂ ಒಂದ್ಸಲ ಆಸೆ ಆಗಿತ್ತು ಮೇಡಂ. ಪಂಪಿನ ಪಾರ್ಟು ನಾವೇ ಮಾಡಿ ನಮ್ ಹೆಸ್ರಲ್ಲೇ ಮಾರಾಣ ಅಂತ. ಮಾಡಿದ್ರೆ ಅವತ್ತೇ ಮೂರು ಪಾರ್ಟಿ ಹೋಗ್ತಿತ್ತು."

1987ರಲ್ಲಿ ಚಾಂಗ್ ಕಟ್ಟಿದ ಕಂಪನಿಯ ಜೀವಾಳ ಇದು. ತನ್ನದೇ ಚಿಪ್ ಮಾರುವುದಿಲ್ಲ, ಗಿರಾಕಿಯ ಜತೆ ಪೈಪೋಟಿಗೆ ಇಳಿಯುವುದಿಲ್ಲ. ಆ ನಂಬಿಕೆಯ ಮೇಲೆ, ಸ್ವಂತ ಕಾರ್ಖಾನೆ ಕಟ್ಟುವ ಶಕ್ತಿ ಇಲ್ಲದವರೂ ಚಿಪ್ ವಿನ್ಯಾಸ ಮಾಡಿಕೊಂಡು ಬದುಕುವುದು ಸಾಧ್ಯವಾಯಿತು. ಇಬ್ಬರು ಅಮೆರಿಕನ್ನರು ತಿಂಗಳುಗಟ್ಟಲೆ ಓದಿ ಗಂಟೆಗಟ್ಟಲೆ ಬಿಡಿಸಿ ಹೇಳಿದ್ದನ್ನು ಕುಣಿಗಲ್ಲಿನ ಈ ಮನುಷ್ಯ ತನ್ನ ಕೈಕೆಲಸದಿಂದಲೇ ತೆಗೆದು ಮುಂದಿಟ್ಟರು. ಇವರು ಆ ಕಂತನ್ನು ಕೇಳಲಾರರು, ಅದು ಇಂಗ್ಲಿಷಿನಲ್ಲಿದೆ. ಇವರ ಮಾತನ್ನು ಬೇರೆ ಯಾರೂ ಕೇಳಲಾರರು, ಅದು ಈ ಷೆಡ್ಡಿನ ಗೋಡೆ ದಾಟಿಲ್ಲ. ನಡುಮನೆಯ ಗೂಡು, ಅಪ್ಪನ ಕೆಂಪು ಮಣ್ಣು, ಎಲ್ಲ ಒಟ್ಟಿಗೆ ಕಣ್ಣಿಗೆ ಕಟ್ಟಿತು.

ಕನ್ನಡ ಈ ಹೊಸ ದಾರಿಗಳಲ್ಲಿ ಹಿಂದೆ ಬಿದ್ದದ್ದಲ್ಲ. 1996ರಲ್ಲೇ ಯು.ಬಿ. ಪವನಜ ಅವರು ‘ವಿಶ್ವ ಕನ್ನಡ’ ಪತ್ರಿಕೆಯನ್ನು ಇಂಟರ್ನೆಟ್ಟಿಗೆ ತಂದರು. 1998ರಲ್ಲಿ ಶೇಷಾದ್ರಿ ವಾಸು ಅವರ ‘ಬರಹ’ ತಂತ್ರಾಂಶ ಬಂತು. ಅದರಲ್ಲೇ ನಾನು ಮೊದಲು ಕನ್ನಡ ಕುಟ್ಟಿದ್ದು. 2005ರಲ್ಲಿ ಹರಿ ಪ್ರಸಾದ್ ನಾಡಿಗ್ ‘ಸಂಪದ’ ಜಾಲತಾಣ ಕಟ್ಟಿದಾಗ ಊರೂರಿನ ಎಂಜಿನಿಯರುಗಳು, ಮೇಷ್ಟರುಗಳು, ಗೃಹಿಣಿಯರು ಅಲ್ಲಿ ಬರೆದರು. ದನಿಯಲ್ಲಿ 2019ರಲ್ಲಿ ಗಣೇಶ್ ಚಕ್ರವರ್ತಿ, ಪವನ್ ಶ್ರೀನಾಥ್ ಮತ್ತು ಗೆಳೆಯರ ‘ತಲೆ-ಹರಟೆ’ ಪಾಡ್‌ಕಾಸ್ಟ್ ಶುರುವಾಯಿತು. ವಿಜ್ಞಾನ, ನಗರ, ಇತಿಹಾಸ ಎಲ್ಲವನ್ನೂ ಅವರು ಕನ್ನಡದಲ್ಲಿ ಕೂತು ಮಾತಾಡಬಹುದೆಂದು ತೋರಿಸಿದ್ದಾರೆ. ನನಗೆ ಬೇಕಾದದ್ದು ಅದರ ಪಕ್ಕದಲ್ಲೇ ಇನ್ನೊಂದು: ಪೀಣ್ಯದ, ಹುಬ್ಬಳ್ಳಿಯ, ಮಂಗಳೂರಿನ ಕೆಲಸಗಾರರು ದರ ಹೇಗೆ ಹಾಕುತ್ತೇವೆ, ಬಾಕಿ ಹೇಗೆ ವಸೂಲು ಮಾಡುತ್ತೇವೆ, ಯಾವ ಆರ್ಡರಿಗೆ ಆಸೆಪಟ್ಟು ಕೆಟ್ಟೆವು ಎಂದು ತಮ್ಮ ಮಾತಿನಲ್ಲೇ ಹೇಳುವುದು. ಸ್ಟಾರ್ಟ್‌ಅಪ್ ಎಂಬ ಪದ ಅವರ ಬಾಯಲ್ಲಿ ಬರಬೇಕಾಗಿಯೂ ಇಲ್ಲ.

ಹಾಗೆ ಮಾತಾಡುತ್ತೀರಾ, ಮುದ್ರಿಸಿಕೊಳ್ಳುತ್ತೇನೆ ಎಂದು ಯಜಮಾನರನ್ನು ಕೇಳಿದೆ. ಮೊದಲು ಬೇಡವೆಂದರು. ಆಮೇಲೆ, "ಮೆಷಿನ್ ಓಡ್ತಿರುವಾಗ ನಾನೇನ್ ಮಾತಾಡ್ಲಿ ಮೇಡಂ, ಏನೂ ಕೇಳ್ಸಲ್ಲ" ಎಂದರು. ನಿಲ್ಲಿಸಿ ಎನ್ನಲು ನನಗೆ ಬಾಯಿ ಬರಲಿಲ್ಲ. ಮೆಷಿನ್ ಗಂಟೆಯ ದರ ಎಷ್ಟೆಂದು ಬರೆಯುವವಳು ನಾನೇ.

ಮೂರು ವಾರದ ಮೇಲೆ ಒಂದು ಗುರುವಾರ ಮಧ್ಯಾಹ್ನ ಕರೆಂಟ್ ಹೋಯಿತು. ಲೇತುಗಳು ಒಂದೊಂದಾಗಿ ಗುರುಗುಟ್ಟಿ ನಿಂತವು. ಹುಡುಗರು ಹೊರಗೆ ಹೋಗಿ ನೆರಳಿನಲ್ಲಿ ಕೂತರು. ಆ ಷೆಡ್ಡಿನಲ್ಲಿ ಫ್ಯಾನಿನ ಸದ್ದೂ ಇಲ್ಲದೆ ನಾನು ಕೂತದ್ದು ಅದೇ ಮೊದಲು. ಯಜಮಾನರು ತಾವಾಗಿಯೇ ಬಂದು ಎದುರು ಕುಳಿತು, "ಈಗ ಬೇಕಾದ್ರೆ ಕೇಳಿ" ಅಂದರು. ಫೋನನ್ನು ಇಬ್ಬರ ನಡುವೆ, ಗ್ರೀಸ್ ಡಬ್ಬದ ಮೇಲೆ ಇಟ್ಟೆ. ಮೊದಲೆರಡು ನಿಮಿಷ ಅವರೂ ತಡವರಿಸಿದರು. ಬ್ಲೂಮ್‌ಬರ್ಗ್ ಹಾಗೆಯೇ ವಾಕ್ಯ ಶುರುಮಾಡಿ ಬಿಟ್ಟರು. ನಾನು ಕಾದೆ. ಆಮೇಲೆ ಮೊದಲ ಲೇತು ಕೊಂಡ ಕತೆ ಬಂತು, ಹೆಂಡತಿಯ ಬಳೆ ಬ್ಯಾಂಕಿಗೆ ಹೋದದ್ದು ಬಂತು, ಡ್ರಾಯಿಂಗ್ ನಂಬಿಕೆಯ ಮಾತು ಮತ್ತೆ ಬಂತು, ಈ ಸಲ ಇನ್ನೂ ಚೆನ್ನಾಗಿ. ಹತ್ತೊಂಬತ್ತು ನಿಮಿಷವಾಗಿತ್ತು. "ಮೊದ್ಲನೇ ಬುಷ್‌ಗೆ ರೇಟ್ ಹೆಂಗ್ ಹಾಕ್ದೆ ಅಂದ್ರೆ" ಎಂದು ಅವರು ಮುಂದಕ್ಕೆ ಬಾಗಿದರು. ಹೊರಗಿನಿಂದ ಹುಡುಗರು "ಬಂತು!" ಎಂದು ಕೂಗಿದರು. ಯಜಮಾನರು ಎದ್ದಾಗಿತ್ತು.

ಆ ಕೂಗನ್ನೂ ಹಿಂದೆಯೇ ಎದ್ದ ಮೋಟರಿನ ಸದ್ದನ್ನೂ ನಾನು ಕತ್ತರಿಸಲಿಲ್ಲ. ಅಕ್ಕನ ಮಗ ಪಕ್ಕದಲ್ಲಿ ಕೂತು ಹೇಳುತ್ತ ಹೋದ, ಫೀಡಿನ ಕಡತದಲ್ಲಿ ಲಗತ್ತಿನ ಸಾಲನ್ನು ನಾನೇ ಕೈಯಾರೆ ಕುಟ್ಟಿದೆ. ಮರುವಾರ ಚಲನ್ ಹಿಡಿದು ಹೋದಾಗ ಯಜಮಾನರು ಸಹಿ ಹಾಕುತ್ತ, ತಲೆಯೆತ್ತದೆ ಹೇಳಿದರು: "ಆ ರೇಟಿಂದು ಬಾಕಿ ಉಳೀತಲ್ಲ ಮೇಡಂ. ಭಾನುವಾರ ಷೆಡ್ ಖಾಲಿ ಇರುತ್ತೆ, ಬನ್ನಿ."